ಆ ಕಲ್ಲಿನಲ್ಲಿ ನಮ್ಮ ದೊಡ್ಡಪ್ಪನ ಹೆಸರಿದೆ

ಸಂಪಾದಕರಿಗೆ,

ಸಮುದಾಯ ಭವನಗಳ ಅನುದಾನದ ಸುದ್ದಿಯನ್ನು ನೀವು ಆಗಾಗ ಹಾಕುತ್ತೀರಿ. ಗುದ್ದಲಿ ಪೂಜೆ, ಉದ್ಘಾಟನೆ, ಶಾಲು-ಹಾರದ ಫೋಟೋ ಎಲ್ಲವೂ ಬರುತ್ತವೆ. ಆ ಭವನಗಳ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬುದೂ ಒಮ್ಮೆ ಅಚ್ಚಾಗಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಅಕ್ಕನಿಗೆ ಎದೆಯ ಗಡ್ಡೆ ಆಪರೇಷನ್ ಆದ ಮೇಲೆ 25 ಸಲ ಕರೆಂಟು (ರೇಡಿಯೇಷನ್) ಕೊಡಬೇಕು ಎಂದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸಲ, ಅಂದರೆ ಐದು ವಾರ. ಒಳಗೆ ಕರೆದು ಮಲಗಿಸಿ ಕಳಿಸುವುದಕ್ಕೆ ಕಾಲು ಗಂಟೆಯೂ ಬೇಡ. ಮಿಕ್ಕ ಇಪ್ಪತ್ತಮೂರು ಮುಕ್ಕಾಲು ಗಂಟೆ ರೋಗಿ ಎಲ್ಲಿರಬೇಕು? ಆಸ್ಪತ್ರೆಯವರ ತಪ್ಪು ಏನೂ ಇಲ್ಲ. ಅಲ್ಲಿ ದಾನಿಗಳು ಕಟ್ಟಿಸಿದ ಧರ್ಮಶಾಲೆ ಇದೆ. ಆದರೆ 1973ರಿಂದ ಇಡೀ ರಾಜ್ಯ ಆ ಆಸ್ಪತ್ರೆಯನ್ನೇ ನಂಬಿಕೊಂಡು ಬರುತ್ತಿದೆ, ಅಷ್ಟು ಜನಕ್ಕೆ ಒಂದು ಧರ್ಮಶಾಲೆ ಎಲ್ಲಿ ಸಾಕಾದೀತು? ಹತ್ತಿರದ ಲಾಡ್ಜಿನಲ್ಲಿ ಕೇಳಿದರೆ ದಿನಕ್ಕೆ 1,200 ರೂಪಾಯಿ ಎಂದರು. ಐದು ವಾರಕ್ಕೆ ಲೆಕ್ಕ ಹಾಕಿ ನೋಡಿ, ಒಂದು ಎಕರೆ ಭತ್ತದಲ್ಲಿ ಅಷ್ಟು ಉಳಿಯುವುದಿಲ್ಲ.

ಆಗ ನೆನಪಾದದ್ದು ತುಮಕೂರು ರಸ್ತೆಯಲ್ಲಿ ನಗರದ ಅಂಚಿಗಿರುವ ನಮ್ಮದೇ ಸಮಾಜದ ಭವನ. ಹೆಸರು ಬರೆಯುವುದಿಲ್ಲ. ಬರೆದರೆ ಒಂದು ಸಮಾಜವನ್ನು ಬೈದ ಹಾಗಾಗುತ್ತದೆ, ಇಂಥದ್ದು ಒಂದೇ ಸಮಾಜದ ಭವನದಲ್ಲಿ ನಡೆಯುತ್ತದೆ ಎಂದು ನಾನು ನಂಬಿಲ್ಲ. ದಿನಕ್ಕೆ 250 ರೂಪಾಯಿಗೆ ಒಂದು ರೂಂ, ಎರಡು ಮಂಚ, ನಲ್ಲಿ ನೀರು. ಮಾದಾವರದಿಂದ ಲಾಲ್‌ಬಾಗ್‌ವರೆಗೆ ಮೆಟ್ರೊ, ಅಲ್ಲಿಂದ ಆಟೊ. ದೂರವೇ, ಆದರೂ ಸೂರು ಸಿಕ್ಕಿತಲ್ಲ ಎಂದು ಹನ್ನೆರಡು ದಿನ ನೆಮ್ಮದಿಯಾಗಿದ್ದೆವು.

ಒಂದು ಬುಧವಾರ ಸಂಜೆ ಆರು ಗಂಟೆ. ಅಕ್ಕ ಆಗಷ್ಟೇ ಗಂಜಿ ಕುಡಿದು ಗೋಡೆಗೆ ಒರಗಿದ್ದಳು. ಮ್ಯಾನೇಜರ್ ಬಾಗಿಲಲ್ಲೇ ನಿಂತು ಹೇಳಿದರು: "ನಾಳೆ ಬೆಳಿಗ್ಗೆ ಆರಕ್ಕೆ ಖಾಲಿ ಮಾಡ್ಬೇಕು. ಮದುವೆ ಪಾರ್ಟಿಯವರು ಇಡೀ ಬಿಲ್ಡಿಂಗ್ ತಗೊಂಡಿದಾರೆ." ಕರೆಂಟು ಕೊಡಿಸಿಕೊಳ್ಳುವವರ ಮೈಮೇಲೆ ಆಸ್ಪತ್ರೆಯವರು ಮಸಿಯಲ್ಲಿ ಗೆರೆ ಎಳೆದಿರುತ್ತಾರೆ. ಮುಗಿಯುವವರೆಗೂ ಅದು ಅಳಿಸಬಾರದು, ಅಲ್ಲಿಗೆ ಸೋಪು ಸೋಕಬಾರದು, ಉಜ್ಜಬಾರದು. ಅಷ್ಟರಲ್ಲಾಗಲೇ ಅಕ್ಕನ ಚರ್ಮ ಹಂಚಿನ ಬಣ್ಣಕ್ಕೆ ತಿರುಗಿತ್ತು. ಎಡಗೈ ಮೇಲೆತ್ತಲು ಆಗುತ್ತಿರಲಿಲ್ಲ. ಇದನ್ನೆಲ್ಲ ಹೇಳಿ ಆಸ್ಪತ್ರೆಯ ಚೀಟಿ ತೋರಿಸಿದೆ. ಮ್ಯಾನೇಜರ್ ಚೀಟಿ ಕೈಗೆ ತೆಗೆದುಕೊಳ್ಳಲಿಲ್ಲ. "ಕಮಿಟಿಯವರನ್ನ ಕೇಳಿ" ಎಂದರು. ಕಮಿಟಿಯವರು ಫೋನ್ ಎತ್ತಲಿಲ್ಲ.

ಬೆಳಿಗ್ಗೆ ಬ್ಯಾಗು, ಫ್ಲಾಸ್ಕು, ಸ್ಕ್ಯಾನಿಂಗ್ ಫಿಲಂ ಇಟ್ಟ ಕವರು, ಎಲ್ಲ ಹೊತ್ತು ಕೆಳಗೆ ಬಂದೆವು. ಅಷ್ಟರಲ್ಲಿ ಬಾಗಿಲಿಗೆ ಬಾಳೆಕಂಬ ಕಟ್ಟಿದ್ದರು. ಅಕ್ಕ ದಣಿದು ಮೆಟ್ಟಿಲ ಪಕ್ಕ ಕುಳಿತಳು. ಅವಳ ತಲೆಯ ಮೇಲೆ ಗೋಡೆಯಲ್ಲಿ ದಾನಿಗಳ ಹೆಸರು ಕೊರೆದ ಕರಿ ಗ್ರಾನೈಟ್ ಕಲ್ಲು. ಎರಡನೇ ಸಾಲಿನಲ್ಲಿ ನಮ್ಮ ದೊಡ್ಡಪ್ಪನ ಹೆಸರು, ಲೋಕಿಕೆರೆ, ರೂ. 5,001. ಅಡಿಕೆ ಮಾರಿದ ದುಡ್ಡು ಅದು. ಬೆಂಗಳೂರಿಗೆ ಓದಲು, ಆಸ್ಪತ್ರೆಗೆ ಎಂದು ಹೋಗುವ ನಮ್ಮ ಮಕ್ಕಳಿಗೆ ಒಂದು ಸೂರು ಇರಲಿ ಎಂದು ಭವನ ಕಟ್ಟುವವರು ಊರೂರು ತಿರುಗಿ ಕೇಳಿದ್ದರು. ಆ ಮಾತು ನಂಬಿ ದೊಡ್ಡಪ್ಪ ಕೊಟ್ಟರು. ದೊಡ್ಡಪ್ಪನ ಹೆಸರಿನ ಕೆಳಗೇ ಅವರ ತಮ್ಮನ ಮಗಳನ್ನು ಹೊರಗೆ ಕೂರಿಸಿದರು ಸ್ವಾಮಿ. ಇದನ್ನು ನಾನು ಯಾವ ಬಾಯಲ್ಲಿ ಊರಲ್ಲಿ ಹೇಳಲಿ?

ಕಲ್ಯಾಣ ಮಂಟಪ ಕಟ್ಟುವವರು ಕಲ್ಯಾಣ ಮಂಟಪವೆಂದೇ ಹೇಳಿ ಕಟ್ಟಲಿ. ನನ್ನ ತಕರಾರಿಲ್ಲ. ಛತ್ರ, ವಸತಿ ನಿಲಯ, ಯಾತ್ರಿ ನಿವಾಸ ಎಂದು ರಸೀದಿ ಹರಿದು, ಶಾಸಕರ ನಿಧಿ, ಸಂಸದರ ನಿಧಿ ತಂದು, ಬಜೆಟ್ಟಿನಲ್ಲಿ ಅನುದಾನ ಬರೆಸಿಕೊಂಡು, ಕಟ್ಟಡ ಎದ್ದ ಮೇಲೆ ಮುಹೂರ್ತ ಇದ್ದ ದಿನವೆಲ್ಲ ರೂಮುಗಳನ್ನು ಮದುವೆ ಪ್ಯಾಕೇಜಿಗೆ ಸೇರಿಸುವುದು ಮೋಸ. ಬೆಂಗಳೂರಿನ ಬಡಾವಣೆಗಳಲ್ಲಿ ಬಿಡಿಎ ಸಿ.ಎ. ಸೈಟುಗಳನ್ನು ಸಂಘ-ಸಂಸ್ಥೆಗಳಿಗೆ 1989ರ ನಿಯಮದ ಪ್ರಕಾರ 30 ವರ್ಷದ ಗುತ್ತಿಗೆಗೆ ಕೊಡುತ್ತದೆ. ಸಿ.ಎ. ಎಂದರೆ ನಾಗರಿಕ ಸೌಲಭ್ಯ. ಯಾವ ನಾಗರಿಕನಿಗೆ ಏನು ಸೌಲಭ್ಯ ಸಿಗುತ್ತಿದೆ ಎಂದು ಹೋಗಿ ನೋಡುವವರು ಯಾರೂ ಇಲ್ಲವೇ? ಮದುವೆ ಬಾಡಿಗೆಯಿಂದಲೇ ಕರೆಂಟು ಬಿಲ್ಲು, ಸಂಬಳ ನಡೆಯಬೇಕು ಎಂದು ಕಮಿಟಿಯವರು ಹೇಳುತ್ತಾರಂತೆ. ಹಾಲ್ ಬಾಡಿಗೆಗೆ ಕೊಡಲಿ, ಅಡುಗೆ ಮನೆ ಕೊಡಲಿ. ರೋಗಿ ಮಲಗಿದ ಮಂಚವನ್ನೂ ಬಾಡಿಗೆಗೆ ಕೊಟ್ಟೇ ಸಂಬಳ ಆಗಬೇಕೇ?

ಇನ್ನೊಂದು ಮಾತನ್ನು ನುಂಗಿಕೊಂಡಿದ್ದೆ, ಅದನ್ನೂ ಬರೆದುಬಿಡುತ್ತೇನೆ. ನಾವು ರೂಂ ಕೇಳಲು ಹೋದ ದಿನ ಕೌಂಟರಿನಲ್ಲಿ ಆಧಾರ್ ಕೇಳುವುದಕ್ಕೆ ಮೊದಲು ಕೇಳಿದ್ದು "ಯಾವ ಪೈಕಿ?" ಎಂದು. ನಮ್ಮ ಪೈಕಿ ಸರಿಹೋಯಿತು, ಕೀಲಿ ಕೊಟ್ಟರು. ಆಗ ನನಗೆ ಅದು ತಪ್ಪು ಎನಿಸಲೇ ಇಲ್ಲ, ಇವತ್ತು ನಾಚಿಕೆಯಾಗುತ್ತದೆ. ಐದಾರು ದಿನದ ಮೇಲೆ ರಾತ್ರಿ ಎಂಟೂವರೆಗೆ ಮಳೆಯಲ್ಲಿ ಜಗಳೂರು ಕಡೆಯ ತಂದೆ-ಮಗ ಬಂದರು. ಮಗನಿಗೆ ಇಪ್ಪತ್ತು ವಯಸ್ಸಿರಬಹುದು, ಮೂಗಿಗೆ ಪೈಪು ಹಾಕಿತ್ತು. ಅವರನ್ನೂ ಯಾವ ಪೈಕಿ ಎಂದು ಕೇಳಿದರು. ಅವರು ಹೇಳಿದ್ದು ಬೇರೆ. "ನಮ್ಮ ಸಮಾಜದ ಲೆಟರ್ ಇದ್ರೆ ಮಾತ್ರ" ಎಂದು ರಿಜಿಸ್ಟರ್ ಮುಚ್ಚಿದರು. ನಮ್ಮ ಮಹಡಿಯಲ್ಲೇ ನಾಲ್ಕು ರೂಂ ಬೀಗ ಹಾಕಿಕೊಂಡಿದ್ದವು. ಆ ತಂದೆ ಜಗಳ ಮಾಡಲಿಲ್ಲ, ಮಗನ ತಲೆಗೆ ಟವೆಲ್ ಹೊದಿಸಿ ರಸ್ತೆಗೆ ಇಳಿದರು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ನಮ್ಮ ರೂಮಿಗೆ ಬನ್ನಿ ಎನ್ನಲಿಲ್ಲ, ನಮ್ಮನ್ನೂ ಕಳಿಸಿಬಿಟ್ಟಾರು ಎಂಬ ಅಂಜಿಕೆ. ಸರ್ಕಾರದ ಅನುದಾನದಲ್ಲಿ ಆ ಜಗಳೂರಿನವರ ತೆರಿಗೆಯೂ ಇದೆಯಲ್ಲವೇ? ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುವ ಜನ ಅವರು. ತೆರಿಗೆ ಕಟ್ಟಿಸಿಕೊಳ್ಳುವಾಗ ಯಾರೂ ಯಾವ ಪೈಕಿ ಎಂದು ಕೇಳುವುದಿಲ್ಲ.

ನೂರು ವರ್ಷಕ್ಕೂ ಹಿಂದೆ ಗುಬ್ಬಿಯ ವರ್ತಕ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಎದುರು ಛತ್ರ ತೆರೆದರು. 1903ರಲ್ಲಿ. ತಮ್ಮ ದುಡಿಮೆಯ ದುಡ್ಡಿನಲ್ಲಿ ಕಟ್ಟಿಸಿದ ಛತ್ರಕ್ಕೆ ದಾರಿಹೋಕರನ್ನು ಜಾತಿ ಕೇಳದೆ ಸೇರಿಸಿದರು. ಅದಕ್ಕೇ ಮೈಸೂರು ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದು ಕೊಟ್ಟರು. ಮುಂಬೈಯ ದಾದರಿನಲ್ಲಿ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ. ಟಾಟಾ ಆಸ್ಪತ್ರೆಗೆ ಬರುವ ಕ್ಯಾನ್ಸರ್ ರೋಗಿಗಳು, ಅವರ ಜೊತೆಯವರು ಅಲ್ಲಿ ಉಳಿಯುತ್ತಾರೆ. ಅಗಸರ ಮನೆಯಲ್ಲಿ ಹುಟ್ಟಿ, ಪೊರಕೆ ಹಿಡಿದು ಊರೂರು ಗುಡಿಸಿದ ಮನುಷ್ಯನ ಹೆಸರಿನಲ್ಲಿ ಅದು ನಡೆಯುತ್ತದೆ, ನಮ್ಮ ಲಿಫ್ಟು, ಎಸಿ ಹಾಲಿನ ಭವನದಲ್ಲಿ ಏಕೆ ನಡೆಯುವುದಿಲ್ಲ?

ನಮ್ಮ ದಾವಣಗೆರೆಯವರಿಗೆ ಇದು ಹೆಚ್ಚು ಚುಚ್ಚಬೇಕು. ಛತ್ರ ಕಟ್ಟಿಸುವುದು, ಆಸ್ಪತ್ರೆಗೆ ದಾನ ಕೊಡುವುದು ನಮ್ಮ ಊರಿನ ಹಳೆಯ ಹೆಮ್ಮೆ. ರಾಜನಹಳ್ಳಿ ಹನುಮಂತಪ್ಪನವರ ಛತ್ರದ ಹೆಸರು ಕೇಳದವರು ಇಲ್ಲಿಲ್ಲ. ಜಿಲ್ಲಾ ಆಸ್ಪತ್ರೆಯನ್ನು ಇವತ್ತಿಗೂ ಚಿಗಟೇರಿ ಆಸ್ಪತ್ರೆ ಎಂದೇ ಕರೆಯುತ್ತೇವೆ. ಹರಿಹರದ ಸುತ್ತ ಎಷ್ಟು ಸಮಾಜಗಳ ಗುರುಪೀಠಗಳಿವೆ! ರಾಜನಹಳ್ಳಿಯ ವಾಲ್ಮೀಕಿ ಜಾತ್ರೆಗೆ ಬಂದವರಿಗೆಲ್ಲ ಊಟ ಬಡಿಸುತ್ತಾರೆ, ಯಾರನ್ನೂ ನಿಲ್ಲಿಸಿ ಪೈಕಿ ಕೇಳಿದ್ದನ್ನು ನಾನು ಕಂಡಿಲ್ಲ. ಈ ಪೀಠಗಳ ಸ್ವಾಮಿಗಳು ಎಲ್ಲರೂ ತಮ್ಮ ತಮ್ಮ ಸಮಾಜದ ಭವನಗಳ ಕಮಿಟಿಗಳಿಗೆ ಒಂದು ಮಾತು ಹೇಳಿದರೆ ಸಾಕು, ಸರ್ಕಾರದ ಹತ್ತು ಆದೇಶಕ್ಕಿಂತ ಅದು ಹೆಚ್ಚು ನಡೆಯುತ್ತದೆ. ಹತ್ತು ರೂಂ ರೋಗಿಗಳಿಗೆ ಮೀಸಲಿಡಿ, ಮದುವೆ ಇರಲಿ ಇಲ್ಲದಿರಲಿ ಅವನ್ನು ಮುಟ್ಟಬೇಡಿ. ಇಷ್ಟೇ ಹೇಳಲಿ.

ಸರ್ಕಾರವೂ ಕೇಳಿಸಿಕೊಳ್ಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಅಕ್ಕ ದಾವಣಗೆರೆಯಿಂದ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಹೋದಳು. ಆಯುಷ್ಮಾನ್ ಕಾರ್ಡಿನಲ್ಲಿ ಚಿಕಿತ್ಸೆಯ ಖರ್ಚು ಹೋಯಿತು. ಎರಡಕ್ಕೂ ಕೈಮುಗಿಯುತ್ತೇನೆ. ಆದರೆ ಬಸ್ಸು ಇಳಿದ ಮೇಲೆ ಆಸ್ಪತ್ರೆಯ ಬಾಗಿಲು ತೆರೆಯುವವರೆಗೆ, ಆಸ್ಪತ್ರೆ ಬಿಟ್ಟ ಮೇಲೆ ಮರುದಿನದವರೆಗೆ ಅವಳು ಎಲ್ಲಿ ಮಲಗಬೇಕು ಎಂದು ಯಾವ ಕಾರ್ಡಿನಲ್ಲೂ ಬರೆದಿಲ್ಲ. ಭವನಕ್ಕೆ ಅನುದಾನ ಕೊಡುವಾಗಲೇ ರೋಗಿಗಳ ರೂಮಿನ ಷರತ್ತು ಬರೆಸಿಕೊಳ್ಳಲಿ. ಪಾಲಿಸದವರಿಗೆ ಮುಂದಿನ ಕಂತು ನಿಲ್ಲಿಸಲಿ.

ಭವನ ಬಿಟ್ಟ ಆ ಗುರುವಾರ ನಮ್ಮನ್ನು ಕಾಪಾಡಿದವರು ಯಾರು ಗೊತ್ತೇ? ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಮಾತು ಕೇಳಿ "ದಾವಣಗೆರೆ ಕಡೆಯೋರಾ?" ಎಂದು ಮಾತಾಡಿಸಿದ ಹರಿಹರದ ಒಬ್ಬ ಹಿರಿಯರು. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಪೀಣ್ಯಕ್ಕೆ ಹೋದವರು. ಶೀಟಿನ ಮನೆ, ಒಂದು ಕೋಣೆ, ಒಂದು ಅಡುಗೆಮನೆ. ಕೋಣೆ ನಮಗೆ ಬಿಟ್ಟು ಅವರು ಗಂಡ ಹೆಂಡತಿ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರು. ಉಳಿದ ದಿನವೆಲ್ಲ ಅಲ್ಲೇ ಇದ್ದೆವು. ಅಕ್ಕನ ಗಂಜಿಗೆ ಆ ತಾಯಿ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ನುಚ್ಚು ಇಡುತ್ತಿದ್ದರು. ಅವರು ನಮ್ಮ ಪೈಕಿಯಲ್ಲ. ಯಾವ ಪೈಕಿ ಎಂದು ನಾವೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ಅಕ್ಕ ಈಗ ಊರಲ್ಲಿದ್ದಾಳೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ನಾವು ಬಂದ ದಿನ ಕಟ್ಟೆಯ ಮೇಲೆ ಕುಳಿತು ಕೇಳಿದರು, "ನಮ್ಮ ಭವನದಾಗೆ ಇದ್ರೇನಪ್ಪ? ಕಲ್ಲಿನಾಗೆ ನನ್ನ ಹೆಸರು ನೋಡಿದ್ಯಾ?" ನೋಡಿದೆ ಎಂದೆ. ಅವರಿಗೆ ದಿನಾ ಮೊಮ್ಮಗಳು ಪೇಪರ್ ಓದಿ ಹೇಳುತ್ತಾಳೆ. ಈ ಪತ್ರ ಹಾಕಿದರೆ ಅವರಿಗೆ ಗೊತ್ತಾಗುತ್ತದೆ ಎಂದು ತಿಳಿದೇ ಕಳಿಸುತ್ತಿದ್ದೇನೆ.

— ನಿಮ್ಮ ಪತ್ರಿಕೆಯ ಓದುಗ, ಲೋಕಿಕೆರೆ, ದಾವಣಗೆರೆ ತಾಲ್ಲೂಕು