ತಲೆಬರಹ ಬರೆಯುವವರು ಯಾರು?

2021ರ ಜೂನ್ ತಿಂಗಳ ಮೊದಲ ವಾರವನ್ನು ಹೊರನಾಡ ಕನ್ನಡಿಗರು ಮರೆತಿರಲಾರರು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್, ಚೌಕಟ್ಟೊಂದರೊಳಗೆ, ಕನ್ನಡದ ಹೆಸರನ್ನು ಉತ್ತರವಾಗಿ ತೋರಿಸಿತು. ಕರ್ನಾಟಕದಲ್ಲಿ ಪಕ್ಷಭೇದವಿಲ್ಲದೆ ಪ್ರತಿಭಟನೆ ಎದ್ದಿತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತನ್ನಾಡಿದರು. ಸಂಸ್ಥೆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೋರಿತು. ನಾವೆಲ್ಲ ಸಮಾಧಾನಗೊಂಡೆವು. ನನ್ನ ತಕರಾರು ಆ ಸಮಾಧಾನದ ಬಗೆಗೇ.

ಕ್ಷಮೆ ಕೋರುತ್ತ ಸಂಸ್ಥೆ ಹೇಳಿದ್ದೇನು? ಅಂತರಜಾಲದಲ್ಲಿ ವಿಷಯಗಳನ್ನು ಬಣ್ಣಿಸಿರುವ ರೀತಿಯಿಂದ ಕೆಲವೊಮ್ಮೆ ಅಚ್ಚರಿಯ ಫಲಿತಾಂಶಗಳು ಬರುತ್ತವೆ, ಅವು ತನ್ನ ಅಭಿಪ್ರಾಯವಲ್ಲ ಎಂದು. ತಾನು ಕನ್ನಡಿ ಹಿಡಿದವನು ಮಾತ್ರ ಎಂಬುದು ಇದರ ತಾತ್ಪರ್ಯ. ಈ ವಾದವನ್ನು ನಾವು ಒಪ್ಪಬಾರದಿತ್ತು. ಎಲ್ಲೋ ಮೂಲೆಯ ತಾಣವೊಂದರಲ್ಲಿ ಬಿದ್ದಿದ್ದ ಮಾತನ್ನು ಆಯ್ದು, ಉಳಿದೆಲ್ಲ ಫಲಿತಾಂಶಗಳ ನೆತ್ತಿಯ ಮೇಲೆ ಕೂರಿಸಿದವರು ಯಾರು? ಪತ್ರಿಕೆಯಲ್ಲಿ ಈ ಕೆಲಸ ಮಾಡುವವನನ್ನು ಸಂಪಾದಕನೆನ್ನುತ್ತೇವೆ. ಮಾನಹಾನಿಯ ಮೊಕದ್ದಮೆ ಹೂಡುವಾಗ ಅವನ ಹೆಸರನ್ನೂ ಸೇರಿಸುತ್ತೇವೆ.

ಸಾಮಾನ್ಯ ಫಲಿತಾಂಶಗಳ ಕಥೆಯೂ ಬೇರೆಯಲ್ಲ. ಜಾಲಪುಟ ರಚಿಸುವವನು ಅದಕ್ಕೊಂದು ಶೀರ್ಷಿಕೆಯನ್ನೂ ಕಿರುವಿವರಣೆಯನ್ನೂ ಬರೆದಿಡುತ್ತಾನೆ. ಓದುಗನಿಗೆ ಕಾಣುವುದು ಅವೇ ಎಂಬ ಭರವಸೆಯಿಲ್ಲ. ವಿವರಣೆಯ ಜಾಗದಲ್ಲಿ ಯಂತ್ರವು ಬಹುಮಟ್ಟಿಗೆ ಪುಟದೊಳಗಿನಿಂದ ತಾನೇ ಆಯ್ದ ಸಾಲುಗಳನ್ನಿಡುತ್ತದೆ. ಪ್ರಶ್ನೆ ಬದಲಾದರೆ ಅದೇ ಪುಟದ ಸಾಲುಗಳೂ ಬದಲಾಗುತ್ತವೆ. ನಮ್ಮ ಪ್ರತಿಭಟನೆ ತಣ್ಣಗಾದ ಎರಡೇ ತಿಂಗಳಿಗೆ, 2021ರ ಆಗಸ್ಟಿನಲ್ಲಿ, ಶೀರ್ಷಿಕೆಗಳಿಗೂ ಹೊಸ ಪದ್ಧತಿ ತಂದಿರುವುದಾಗಿ ಗೂಗಲ್ ಪ್ರಕಟಿಸಿತು. ತಾಣಗಳ ಒಡೆಯರು ಗೊಣಗಿದಾಗ, ಮೂಲ ಶೀರ್ಷಿಕೆಯನ್ನು ಶೇ. 87ರಷ್ಟು ಸಂದರ್ಭಗಳಲ್ಲಿ ಬಳಸುತ್ತಿದ್ದೇವೆಂದು ಸೆಪ್ಟೆಂಬರಿನಲ್ಲಿ ಸಮಜಾಯಿಷಿ ನೀಡಿತು. ಉಳಿದ ಹದಿಮೂರು? ಲೇಖಕನನ್ನು ಕೇಳದೆ ಬದಲಿಸಿದ ಆ ಶೀರ್ಷಿಕೆಗಳ ಮೇಲೆ ಬದಲಾವಣೆಯ ಗುರುತೂ ಇರುವುದಿಲ್ಲ. ಕನಿಷ್ಠ ಆ ಗುರುತನ್ನಾದರೂ ನಾವು ಕೇಳಬೇಕಾಗಿತ್ತು. 2022ರ ಜೂನಿನಲ್ಲಿ, ಶೀರ್ಷಿಕೆ ಒಂದು ಲಿಪಿಯಲ್ಲೂ ಒಡಲು ಇನ್ನೊಂದರಲ್ಲೂ ಇರುವ ಪುಟಗಳಿಗೆ ಒಡಲಿನ ಲಿಪಿಯಲ್ಲೇ ಶೀರ್ಷಿಕೆ ಕೊಡುವ ಏರ್ಪಾಡು ಬಂತು. ಕನ್ನಡ ಲೇಖನಕ್ಕೆ ಇಂಗ್ಲಿಷ್ ತಲೆಬರಹ ಅಂಟಿಸುವ ನಮ್ಮವರಿಗೆ ಇದು ಅನುಕೂಲವೇ, ಅಲ್ಲವೆನ್ನಲಾರೆ. ಆದರೆ ಅದೂ ಸಂಪಾದಕನ ತೀರ್ಮಾನವೇ ಹೊರತು ಕನ್ನಡಿಯ ಗುಣವಲ್ಲ.

ಇಷ್ಟು ದೊಡ್ಡ ಸಂಸ್ಥೆಯನ್ನು ಬಗ್ಗಿಸಲಾದೀತೇ ಎನ್ನುವವರು ಫ್ರಾನ್ಸಿನತ್ತ ನೋಡಲಿ. ಪತ್ರಿಕೆಗಳ ಆಯ್ದ ಭಾಗಗಳ ಬಳಕೆಗೆ ಪ್ರತಿಫಲ ಕೊಡಬೇಕೆಂದು ಆ ದೇಶ 2019ರಲ್ಲಿ ಕಾನೂನು ಮಾಡಿತು. ಅದೇ ಸೆಪ್ಟೆಂಬರಿನಲ್ಲಿ, ಎಷ್ಟು ಸಾಲು ತೋರಿಸಬಹುದು, ಯಾವುದನ್ನು ತೋರಿಸಬಾರದು ಎಂದು ವಿಧಿಸುವ ಹೊಸ ಸೂಚನೆಗಳನ್ನು ಗೂಗಲ್ ಎಲ್ಲ ತಾಣಗಳಿಗೂ ಒದಗಿಸಿತು. ಪತ್ರಿಕೆಗಳೊಡನೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಲಿಲ್ಲವೆಂದು 2021ರ ಜುಲೈಯಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ 50 ಕೋಟಿ ಯೂರೋ ದಂಡ ವಿಧಿಸಿತು. ನಾವು ಕೇಳಿದ್ದು ಕ್ಷಮೆಯನ್ನು, ದೊರೆತದ್ದೂ ಅದೇ.

ಇನ್ನು ನಮ್ಮ ಮನೆಯ ಮಾತು. ನಮ್ಮ ಸಂಘದ ತಾಣವನ್ನು ಹುಡುಕಿದೆ. ಮೊದಲ ಪುಟಕ್ಕೆ ನಾವೇ ಕೊಟ್ಟ ಶೀರ್ಷಿಕೆ ‘ಹೋಮ್’. ವಿವರಣೆಯ ಜಾಗ ಖಾಲಿ. ಹಳೆಯ ಸಂಚಿಕೆಗಳೆಲ್ಲ ಬರಿಯ ಛಾಯಾಚಿತ್ರಗಳು. ಕೆಲವು ಲೇಖನಗಳು ಯೂನಿಕೋಡ್ ಪೂರ್ವದ ಲಿಪಿಯಲ್ಲಿದ್ದು, ಯಂತ್ರದ ಕಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕನ್ನಡದ ಬಗ್ಗೆ ಕನ್ನಡಿಗರು ಬರೆದದ್ದು ಸಿಗದಿದ್ದಾಗ ಯಾರೋ ಬರೆದದ್ದು ಸಿಗುತ್ತದೆ. ಪುಟಗಳಿಗೆ ಕನ್ನಡದಲ್ಲಿ ಶೀರ್ಷಿಕೆ, ವಿವರಣೆ ಬರೆಯುವ ಕೆಲಸವನ್ನು ಮುಂದಿನ ಕಾರ್ಯಕಾರಿ ಸಮಿತಿಯ ವಿಷಯಪಟ್ಟಿಗೆ ಸೇರಿಸುವಂತೆ ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ.