ಸಾಯದೆ ಉಳಿದವಳನ್ನು ನೆನೆಯುವವರಾರು?

ಸೇವೆ ಎಂದ ಕೂಡಲೇ ನಮಗೆ ಹೆಣ ಬೇಕು. ಮಾತು ಒರಟಾಯಿತು, ಆದರೆ ಸುಳ್ಳಲ್ಲ. ಪರರಿಗಾಗಿ ದುಡಿದು ಸತ್ತವರಿಗೆ ಪ್ರತಿಮೆ ನಿಲ್ಲಿಸುತ್ತೇವೆ, ಅವರ ಕಥೆಯನ್ನು ಮಕ್ಕಳಿಗೆ ಪಾಠ ಮಾಡುತ್ತೇವೆ. ಪರರಿಗಾಗಿ ದುಡಿದು, ತಮ್ಮ ಆರೋಗ್ಯವನ್ನೂ ನೋಡಿಕೊಂಡು, ಮುಪ್ಪಿನಲ್ಲಿ ಕಣ್ಣು ಮುಚ್ಚಿದವರ ಹೆಸರು ಯಾರಿಗೂ ಬೇಡ. ಹಾಗೆ ಬೇಡವಾದವರಲ್ಲಿ ಹೆಂಗಸರೇ ಹೆಚ್ಚು ಎಂದು ಬಿಡಿಸಿ ಹೇಳಬೇಕಿಲ್ಲ.

ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಫಾದರ್ ಡೇಮಿಯನ್ ಹೆಸರನ್ನು ನಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಅದೇ ದ್ವೀಪದಲ್ಲಿ, ಅದೇ ಜನರ ನಡುವೆ ಮೂವತ್ತು ವರ್ಷ ಬಾಳಿದ ಮದರ್ ಮೇರಿಯಾನ್ ಕೋಪ್ ಎಂಬಾಕೆಯ ಹೆಸರನ್ನು ಎಷ್ಟು ಜನ ಕೇಳಿದ್ದೀರಿ?

ಹವಾಯಿ ಆಗ ಸ್ವತಂತ್ರ ರಾಜ್ಯ. ಹೊರಗಿನವರ ಜೊತೆ ಅಲ್ಲಿಗೆ ಬಂದ ರೋಗಗಳಲ್ಲಿ ಕುಷ್ಠವೂ ಒಂದು. 1865ರಲ್ಲಿ ರೋಗಿಗಳನ್ನು ಬೇರ್ಪಡಿಸುವ ಕಾನೂನು ಬಂತು. 1866ರಿಂದ ಅವರನ್ನು ಹಡಗಿನಲ್ಲಿ ತಂದು ಮೊಲೊಕಾಯಿಯ ಉತ್ತರದ ತುದಿಯಲ್ಲಿ ಇಳಿಸತೊಡಗಿದರು. ಮೂರು ಕಡೆ ಕಡಲು, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಬೆಟ್ಟ. ಓಡಿಹೋಗಲು ದಾರಿಯಿಲ್ಲ. 1969ರವರೆಗೆ ಸುಮಾರು 8,000 ಜನರನ್ನು ಹೀಗೆ ಮನೆಯಿಂದ ಕಿತ್ತು ತಂದರು. ಬಹುಪಾಲು ಜನ ಆ ನೆಲದ ಮೂಲನಿವಾಸಿಗಳೇ. ಅಲ್ಲಿ ಹುಟ್ಟಿದ ಕೂಸುಗಳನ್ನೂ ತಾಯಂದಿರಿಂದ ಬೇರೆ ಮಾಡುತ್ತಿದ್ದರು.

ಡೇಮಿಯನ್ ಅಲ್ಲಿಗೆ ಬಂದದ್ದು 1873ರಲ್ಲಿ. ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು, ರೋಗಿಗಳೊಡನೆ ಒಂದೇ ಪಾತ್ರೆಯಲ್ಲಿ ಕೈಯಿಟ್ಟು ಉಂಡರು. ಕೊನೆಗೆ ರೋಗ ಅವರಿಗೂ ಅಂಟಿ, 1889ರಲ್ಲಿ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ದೊಡ್ಡತನವನ್ನು ಕಡಿಮೆ ಮಾಡುವುದು ನನ್ನ ಉದ್ದೇಶವಲ್ಲ. ಆ ದೊಡ್ಡತನದ ಅಳತೆಗೋಲನ್ನು ನಾವು ಎಲ್ಲರ ಮೇಲೂ ಇಡುತ್ತೇವಲ್ಲ, ನನ್ನ ಜಗಳ ಅದರೊಂದಿಗೆ.

ಈಗ ಮೇರಿಯಾನ್ ಕಡೆಗೆ ಬನ್ನಿ. ಆಕೆ ಹುಟ್ಟಿದ್ದು 1838ರಲ್ಲಿ, ಜರ್ಮನಿಯಲ್ಲಿ. ಬೆಳೆದದ್ದು ಅಮೆರಿಕದಲ್ಲಿ. ತಂದೆ ಕಾಯಿಲೆ ಬಿದ್ದಾಗ ಹುಡುಗಿ ಕಾರ್ಖಾನೆಗೆ ದುಡಿಯಲು ಹೋದಳು. ಮನೆಯ ಭಾರ ಇಳಿಯುವ ತನಕ ಕಾದು, 24ನೆಯ ವಯಸ್ಸಿನಲ್ಲಿ ಸಂನ್ಯಾಸಿನಿಯಾದಳು. ಸಿರಕ್ಯೂಸ್ ಊರಿನ ಆಸ್ಪತ್ರೆಯೊಂದನ್ನು ನಡೆಸಿದಳು. 1883ರಲ್ಲಿ ಹವಾಯಿಯ ದೊರೆ ಕಲಾಕೌವಾನ ಪರವಾಗಿ, ರೋಗಿಗಳ ಆರೈಕೆಗೆ ಬನ್ನಿರೆಂದು ಐವತ್ತಕ್ಕೂ ಹೆಚ್ಚು ಮಠಗಳಿಗೆ ಕೋರಿಕೆ ಹೋಯಿತು. ಒಪ್ಪಿ ಹೊರಟವಳು ಈಕೆ. ಜೊತೆಗೆ ಆರು ಮಂದಿ ಸಿಸ್ಟರುಗಳು.

ಹೊನೊಲುಲುವಿನ ಆಸ್ಪತ್ರೆಯಲ್ಲಿ ಆಕೆ ಕಂಡದ್ದು ಹೊಲಸು; ರೋಗಿಗಳನ್ನು ಹಿಂಸಿಸುವ ಮೇಲ್ವಿಚಾರಕ ಬೇರೆ. ‘ಎಲ್ಲವನ್ನೂ ದೇವರು ನೋಡುತ್ತಾನೆ’ ಎಂದು ಸುಮ್ಮನಿದ್ದಳೇ? ಆತ ಇದ್ದರೆ ನಾವಿಲ್ಲ, ಹಡಗು ಹತ್ತುತ್ತೇವೆ ಎಂದು ಸರಕಾರಕ್ಕೇ ಹೇಳಿದಳು. ಸರಕಾರ ಆತನನ್ನು ತೆಗೆದು ಆಡಳಿತವನ್ನು ಆಕೆಯ ಕೈಗೆ ಕೊಟ್ಟಿತು. 1885ರಲ್ಲಿ ರೋಗಿಗಳ ಹೆಣ್ಣುಮಕ್ಕಳಿಗೆಂದು ಒಂದು ಮನೆ ತೆರೆಯಿತು. ಅದರ ಹಿಂದೆಯೂ ಆಕೆಯ ಒತ್ತಾಯವಿತ್ತು. 1888ರಲ್ಲಿ ಮೊಲೊಕಾಯಿಯ ಕಲಾಉಪಾಪಕ್ಕೆ ಹೋದಳು, ಹುಡುಗಿಯರ ಮತ್ತು ಹೆಂಗಸರ ವಸತಿಯನ್ನು ವಹಿಸಿಕೊಂಡಳು. ಡೇಮಿಯನ್ ತೀರಿಕೊಂಡ ಮೇಲೆ ಗಂಡುಹುಡುಗರ ಹೊಣೆಯೂ ಬಂತು. ಗಾಯ ತೊಳೆದು ಪಟ್ಟಿ ಕಟ್ಟುವುದು, ಹುಡುಗಿಯರಿಗೆ ಚೆಂದದ ಬಟ್ಟೆ ಹೊಲಿಯುವುದು, ಗಿಡ ನೆಡುವುದು, ಇದೇ ಆಕೆಯ ದಿನಚರಿ. ಬೆರಳು ಕರಗುತ್ತಿರುವ ಹುಡುಗಿಗೆ ಚೆಂದದ ಲಂಗ ಯಾಕೆ ಎಂದು ಕೇಳುವವರು ಅಂದೂ ಇದ್ದಿರಬಹುದು, ಇಂದೂ ಇದ್ದಾರೆ. ಹುಡುಗಿ ಎಂಬ ಕಾರಣಕ್ಕೇ ಬೇಕು.

ತನ್ನ ಸಿಸ್ಟರುಗಳಲ್ಲಿ ಒಬ್ಬರಿಗೂ ಈ ರೋಗ ತಗಲುವುದಿಲ್ಲ ಎಂದು ಆಕೆ ಮಾತು ಕೊಟ್ಟಿದ್ದಳು. ಕೈ ತೊಳೆಯುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದಳು, ಪಾಲಿಸುವಂತೆ ಮಾಡಿದಳು. ಒಬ್ಬರಿಗೂ ರೋಗ ಬರಲಿಲ್ಲ. ಕೈ ತೊಳೆದದ್ದರಿಂದಲೇ ಹೀಗಾಯಿತು ಎನ್ನಲಾರೆ. ಬಹಳಷ್ಟು ಜನರ ದೇಹಕ್ಕೆ ಈ ರೋಗವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆಂದು ಇಂದು ವೈದ್ಯರು ಹೇಳುತ್ತಾರೆ. ಆಕೆಯ ಮನಸ್ಸನ್ನು ಗಮನಿಸಿ. ಕೈ ತೊಳೆದುಕೊಂಡರು ಎಂದರೆ ನಮ್ಮ ಮಾತಿನಲ್ಲಿ ಹೊಣೆ ಜಾರಿಸಿದರು ಎಂದರ್ಥ. ಈಕೆ ಕೈ ತೊಳೆದದ್ದು ಮರುದಿನವೂ ಹೊಣೆ ಹೊರಲು. ಸೇವೆ ಮಾಡುವವಳು ಬದುಕಿದ್ದರೆ ತಾನೆ ಸೇವೆ? 1918ರಲ್ಲಿ, 80ನೆಯ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡಳು. ಕುಷ್ಠದಿಂದಲ್ಲ. ಡೇಮಿಯನ್‌ರನ್ನು 2009ರಲ್ಲಿ, ಆಕೆಯನ್ನು 2012ರಲ್ಲಿ ಪೋಪ್ ಸಂತರೆಂದು ಸಾರಿದರು. ಆದರೂ ಜನರ ಬಾಯಲ್ಲಿ ಉಳಿದದ್ದು ಒಂದೇ ಹೆಸರು.

ಮಿಷನರಿಗಳು ಬರುವುದು ಮತ ಹರಡಲು, ಅವರನ್ನೇಕೆ ಹೊಗಳುತ್ತೀರಿ ಎಂದು ಕೆಲವರು ಕೇಳುತ್ತಾರೆ. ಆಕೆ ಬಂದದ್ದು ತನ್ನ ನಂಬಿಕೆಯಿಂದಲೇ, ಅದನ್ನು ಮುಚ್ಚಿಡಬೇಕಾಗಿಲ್ಲ. 1893ರಲ್ಲಿ ಹವಾಯಿಯ ರಾಣಿಯನ್ನು ಕೆಳಗಿಳಿಸಿದವರಲ್ಲಿ ಪ್ರಾಟೆಸ್ಟೆಂಟ್ ಮಿಷನರಿಗಳ ಮಕ್ಕಳು, ಮೊಮ್ಮಕ್ಕಳು ಇದ್ದರೆಂಬುದೂ ನಿಜ. ಎರಡನ್ನೂ ಹೇಳೋಣ. ಆದರೆ ನಂಬಿಕೆ ಯಾವುದೆಂದು ವಿಚಾರಿಸುವವರು ಕೀವು ಒರೆಸುವ ಬಟ್ಟೆಯನ್ನು ಒಂದು ದಿನ ಕೈಯಲ್ಲಿ ಹಿಡಿದು ಆಮೇಲೆ ವಿಚಾರಿಸಲಿ.

ಇನ್ನೊಂದು ಮರೆವೂ ಇದೆ. ರೋಗವಿಲ್ಲದಿದ್ದರೂ ಗಂಡನ, ಹೆಂಡತಿಯ, ಮಕ್ಕಳ ಹಿಂದೆ ತಾವಾಗಿಯೇ ಆ ದ್ವೀಪಕ್ಕೆ ಹೋದವರಿದ್ದರು. ಅವರನ್ನು ಅಲ್ಲಿ ‘ಕೋಕುವ’ ಎನ್ನುತ್ತಿದ್ದರು. ಅಲ್ಲಿ ಸತ್ತವರಲ್ಲಿ ಬಹುಪಾಲು ಜನರ ಸಮಾಧಿಗೆ ಗುರುತೇ ಇಲ್ಲ. ಸಂತರ ಕಥೆಯಲ್ಲಿ ಇವರೆಲ್ಲ ಬರೀ ‘ರೋಗಿಗಳು’.

ಇದೆಲ್ಲ ನಮಗೇಕೆ ಎನ್ನುವಿರಾ? ನಮ್ಮ ಊರುಗಳ ಸನ್ಮಾನ ಸಮಾರಂಭಗಳಲ್ಲಿ ಕುಳಿತು ಕೇಳಿ. ‘ಮೇಣದ ಬತ್ತಿಯಂತೆ ಉರಿದ ತಾಯಿ’, ‘ಜ್ವರವಿದ್ದರೂ ರಜೆ ಹಾಕದ ಶಿಕ್ಷಕಿ’, ‘ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡಾಕೆ’. ಚಪ್ಪಾಳೆ ಬೀಳುತ್ತದೆ, ಶಾಲು ಬೀಳುತ್ತದೆ. ಆ ಶಾಲಿನ ಕೆಳಗೆ ರಕ್ತಹೀನತೆ ಇದೆ, ತೋರಿಸಿಕೊಳ್ಳದೆ ಬಿಟ್ಟ ಗಂಟು ಇದೆ. ಉರಿದುಹೋಗುವುದೇ ಹೆಣ್ಣಿನ ಧರ್ಮವೆಂದು ಎದುರಿಗೆ ಕುಳಿತ ಹುಡುಗಿಯರಿಗೆ ನಾವೇ ಕಲಿಸುತ್ತಿದ್ದೇವೆ.

ಮುಂದಿನ ಸಲ ಯಾರಿಗಾದರೂ ಶಾಲು ಹೊದಿಸುವ ಮೊದಲು, ಆಕೆ ಎಷ್ಟು ನೊಂದಳು ಎನ್ನುವುದನ್ನು ಬಿಟ್ಟು, ಏನು ಮಾಡಿ ಮುಗಿಸಿದಳು, ಯಾರ ಎದುರು ‘ಆಗದು’ ಎಂದಳು ಎಂದು ಕೇಳೋಣ. ಹೊತ್ತಿಗೆ ಸರಿಯಾಗಿ ಉಂಡಳೇ ಎಂದೂ ಕೇಳೋಣ. ಉಂಡಿದ್ದರೆ ಇನ್ನೂ ಜೋರಾಗಿ ಚಪ್ಪಾಳೆ ತಟ್ಟೋಣ.