ಮಕ್ಕಳ ಮಾತಿಗೆ ಉತ್ತರ ಕೊಡುವವರಾರು?

ಮಳೆಗಾಲದಲ್ಲಿ ಯಾವ ಕಾಲುಸಂಕದ ಅಡಿಕೆ ದಬ್ಬೆ ಕುಂಬಾಗಿದೆ, ಯಾವ ಹಳ್ಳ ಯಾವ ಹೊತ್ತಿನಲ್ಲಿ ಉಕ್ಕುತ್ತದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಶಾಲೆಗೆ ನಡೆದುಹೋಗುವ ನಮ್ಮ ಮಕ್ಕಳು. ದಿನಕ್ಕೆರಡು ಬಾರಿ ಅದನ್ನು ದಾಟುವವರು ಅವರೇ. ಆದರೆ ಸಂಕ ಎಲ್ಲಿರಬೇಕು, ಹೇಗಿರಬೇಕು ಎಂದು ನಿರ್ಧರಿಸುವಾಗ ಅವರನ್ನು ಕೇಳುವವರಿಲ್ಲ.

ಇದು ಸರಿಯಲ್ಲವೆಂಬ ಅರಿವು ಹೊಸದೇನಲ್ಲ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಸಾರಿತು. 1992ರಲ್ಲಿ ಭಾರತವೂ ಅದನ್ನು ಒಪ್ಪಿತು. ನಮ್ಮ ಘಟ್ಟದ ಕೆಳಗಿನ ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿಯೇ ಮಕ್ಕಳು ತಮ್ಮದೇ ಮಕ್ಕಳ ಪಂಚಾಯಿತಿಗಳನ್ನು ಚುನಾಯಿಸಿ, ಕಾಲುಸಂಕ, ನೀರು, ದಾರಿಗಳ ಪ್ರಶ್ನೆಗಳನ್ನು ಹಿರಿಯರ ಮುಂದಿಟ್ಟರು. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ರಾಜ್ಯ ಸರ್ಕಾರ 2006ರಲ್ಲಿ ಸುತ್ತೋಲೆ ಹೊರಡಿಸಿತು.

ಆದರೆ ಅನೇಕ ಕಡೆ ನಾವು ಕಂಡದ್ದೇನು? ವೇದಿಕೆಯ ಕುರ್ಚಿಗಳಲ್ಲಿ ಹಿರಿಯರು, ಕೆಳಗೆ ಜಮಖಾನದ ಮೇಲೆ ಮಕ್ಕಳು. ಸ್ವಾಗತ, ಭಾಷಣ, ಹಿತವಚನಗಳು ಮುಗಿಯುವಷ್ಟರಲ್ಲಿ ಬಿಸಿಯೂಟದ ಹೊತ್ತು. ಶಾಲೆಯ ಶೌಚಾಲಯಕ್ಕೆ ನೀರಿಲ್ಲವೆಂದು ಹುಡುಗಿಯೊಬ್ಬಳು ಎದ್ದು ಹೇಳಿದರೆ, ‘ಪರಿಶೀಲಿಸೋಣ, ಕೂತುಕೋ’ ಎಂಬ ಉತ್ತರ. ಮರುವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ.

ಇದರಿಂದ ಮಕ್ಕಳು ಕಲಿಯುವ ಪಾಠ ಒಂದೇ: ಮಾತನಾಡಿ ಫಲವಿಲ್ಲ. ಈ ಪಾಠ ಕಲಿತವರು ನಾಳೆ ಊರಿನ ಗ್ರಾಮಸಭೆಯತ್ತ ಮುಖ ಹಾಕುವರೇ? ಕಾಡು, ಕೆರೆ, ಗೋಮಾಳಗಳ ಉಳಿವಿಗೆ ಗ್ರಾಮಸಭೆಯನ್ನೇ ನೆಚ್ಚಿರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಪರರನ್ನು ದೂರುವ ಮುನ್ನ ನಮ್ಮನ್ನೂ ನೋಡಿಕೊಳ್ಳೋಣ. ಪರಿಸರ ದಿನದ ಜಾಥಾದಲ್ಲಿ ಫಲಕ ಹಿಡಿಯಲು ನಾವೂ ಮಕ್ಕಳನ್ನು ಕರೆಯುತ್ತೇವೆ. ಯಾವ ಗುಡ್ಡದಲ್ಲಿ ಯಾವ ಸಸಿ ನೆಡೋಣ ಎಂದು ಅವರನ್ನು ಎಂದಾದರೂ ಕೇಳಿದ್ದೇವೆಯೇ?

ಮಕ್ಕಳು ಕೇಳಿದ್ದನ್ನೆಲ್ಲ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಆಗದಿದ್ದರೆ ಏಕೆ ಆಗದು ಎಂದು ತಿಳಿಸಿ ಹೇಳುವುದೂ ಗೌರವವೇ. ಈ ಬಾರಿಯ ಸಭೆಯಲ್ಲಿ ಎಲ್ಲರೂ ಒಂದೇ ಜಮಖಾನದ ಮೇಲೆ ಕುಳಿತುಕೊಳ್ಳೋಣ. ಭಾಷಣಕ್ಕೆ ಮೊದಲು ಹೋದ ವರ್ಷದ ಬೇಡಿಕೆಗಳ ಪಟ್ಟಿಯನ್ನು ಓದಿಸೋಣ. ಯಾವುದಾಯಿತು, ಯಾವುದು ಬಾಕಿ, ಏಕೆ ಬಾಕಿ ಎಂಬುದನ್ನು ಬರೆದು ಶಾಲೆಯ ಗೋಡೆಗೆ ಅಂಟಿಸೋಣ. ಇದಕ್ಕೆ ಅನುದಾನ ಬೇಕಿಲ್ಲ, ಹಿರಿಯರ ಮನಸ್ಸು ಸಾಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಹಾದಿಯ ಸಂಕಗಳನ್ನೂ ಒರತೆಗಳನ್ನೂ ಈಗಿನಿಂದಲೇ ಪಟ್ಟಿ ಮಾಡಿಡಿ. ಸಭೆಯಲ್ಲಿ ಅದನ್ನು ನೀವೇ ಓದಿರಿ. ಉತ್ತರ ದೊರೆಯುವವರೆಗೆ ಕೂರಬೇಡಿರಿ.